ಲೋಡಿಗೆ ಒರಗಿದ ಯೋಗ

ಮಲಗುವುದಕ್ಕೂ ಒಬ್ಬ ಗುರು ಬೇಕೆಂದು ನನಗೆ ನಲವತ್ತು ದಾಟುವವರೆಗೆ ಗೊತ್ತಿರಲಿಲ್ಲ. ಆ ವರ್ಷ ಮಳೆ ನಿಂತ ಮೇಲೆ ಐರೋಲಿಯ ನಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟಿನಲ್ಲಿ ಒಂದು ಚೀಟಿ ಅಂಟಿಸಿದ್ದರು: ಶರತ್ಕಾಲಕ್ಕೆಂದೇ ‘ಯಿನ್ ಯೋಗ’, ಭಾನುವಾರ ಬೆಳಿಗ್ಗೆ, ಕ್ಲಬ್‌ಹೌಸಿನಲ್ಲಿ. ಬೆವರು ಸುರಿಸಬೇಕಿಲ್ಲ, ತಲೆಕೆಳಗಾಗಿ ನಿಲ್ಲಬೇಕಿಲ್ಲ. ಒಂದೊಂದು ಆಸನದಲ್ಲಿ ಬಹಳ ಹೊತ್ತು ಸುಮ್ಮನೆ ಬಿದ್ದಿದ್ದರೆ ಸಾಕು. ಹುಟ್ಟಿನಿಂದ ನನ್ನಲ್ಲಿರುವ ಪ್ರತಿಭೆಗೆ ಕೊನೆಗೂ ಶಾಸ್ತ್ರೀಯ ಹೆಸರೊಂದು ಸಿಕ್ಕಿತಲ್ಲ ಎಂದು ಹಿಗ್ಗಿ ನಾನೇ ಮೊದಲು ಹೆಸರು ಕೊಟ್ಟೆ.

"ಮೈಸೂರಿನವರಿಗೆ ಇದನ್ನು ಕೂಡ ಕಲಿಸ್ಲಿಕ್ಕೆ ಉಂಟಾ?" ಎಂದಳು ಮಂಗಳೂರಿನವಳಾದ ನನ್ನ ಹೆಂಡತಿ.

ಶರತ್ಕಾಲವೆಂದರೆ ತಂಪು ಗಾಳಿ, ಉದುರುವ ಎಲೆ ಎಂದೆಲ್ಲ ಕ್ಯಾಲೆಂಡರಿನ ಚಿತ್ರಗಳು ಹೇಳುತ್ತವೆ. ನಮ್ಮಲ್ಲಿ ಉದುರುವುದು ಬೆವರು ಮಾತ್ರ. ಈ ಋತುವಿನಲ್ಲಿ ಪಿತ್ತ ಕೆರಳುತ್ತದೆ ಎನ್ನುತ್ತದೆ ಆಯುರ್ವೇದ. ಅಕ್ಟೋಬರಿನ ಸೆಕೆಯಲ್ಲಿ ಠಾಣೆ ಊರಿನ ಕಡೆಯ ಲೋಕಲ್ ರೈಲಿಗೆ ನುಗ್ಗುವವರು ಅದನ್ನು ಗ್ರಂಥ ನೋಡಿ ತಿಳಿಯಬೇಕಾಗಿಲ್ಲ.

ಕಲಿಸುವವಳು ಮಂಜಿರಿ ಎಂಬ ಮರಾಠಿ ಹುಡುಗಿ. ಎಲ್ಲರಿಗೂ ಒಂದೊಂದು ಉದ್ದನೆಯ ಲೋಡು ಕೊಟ್ಟಳು, ಮದುವೆಮನೆಯಲ್ಲಿ ಬೀಗರಿಗೆ ಒರಗಲು ಕೊಡುತ್ತಾರಲ್ಲ, ಅಂಥದೇ. ನನ್ನ ಪಕ್ಕದ ಚಾಪೆಯಲ್ಲಿ ಮೇಲಿನ ಮಹಡಿಯ ಸಿದ್ದಪ್ಪನವರಿದ್ದರು. ವಿಜಯಪುರದ ಕಡೆಯವರು, ತುರ್ಭೆಯಲ್ಲಿ ಲಾರಿಗಳಿಗೆ ಸರಕು ತುಂಬಿಸುವ ಗುತ್ತಿಗೆ ಅವರದು. ಅವರು ಫೋನಿನಲ್ಲಿ ಮಾತಾಡಿದರೆ ಇಡೀ ಕಟ್ಟಡಕ್ಕೆ ಕೇಳಿಸುತ್ತದೆ. "ಬೆನ್ನು ಹಿಡದೈತ್ರಿ. ಡಾಕ್ಟರು ಹೋಗಂದ್ರು, ಬಂದೆ," ಎಂದರು.

ಮೊಣಕಾಲೂರಿ, ಲೋಡನ್ನು ತಬ್ಬಿಕೊಂಡು, ಕೆನ್ನೆಯನ್ನು ಅದರ ಮೇಲಿಟ್ಟು ಮಲಗಿದೆವು. ಈ ಋತು ಶ್ವಾಸಕೋಶದ್ದು, ದುಃಖ ಅಲ್ಲೇ ಮನೆ ಮಾಡಿಕೊಂಡಿರುತ್ತದೆ ಎಂದು ಚೀನಾದ ಹಳೆಯ ವೈದ್ಯರು ನಂಬಿದ್ದರಂತೆ. ಮಂಜಿರಿ ಮೆಲ್ಲಗೆ ಇದನ್ನು ಹಿಂದಿಯಲ್ಲಿ ಹೇಳುತ್ತಿದ್ದಳು. ನಾನು ನಿದ್ದೆಯ ಹೊಸ್ತಿಲಲ್ಲಿದ್ದೆ. ಪಕ್ಕದಲ್ಲಿ ಗೊರಗೊರ ಸದ್ದಾಯಿತು. ಗೊರಕೆಯಲ್ಲಿ ನನ್ನನ್ನೂ ಮೀರಿಸುವವರು ಸಿಕ್ಕರಲ್ಲ ಎಂದು ಒಂದು ಕಣ್ಣು ತೆರೆದು ನೋಡಿದರೆ, ಸಿದ್ದಪ್ಪನವರ ಹೆಗಲು ಅಲುಗಾಡುತ್ತಿತ್ತು. ಅವರು ಅಳುತ್ತಿದ್ದರು. ನೋಡುನೋಡುತ್ತಿದ್ದಂತೆ ಅದು ದೊಡ್ಡ ದನಿಯ ಅಳುವೇ ಆಯಿತು.

ಕಂಡೂ ಕಾಣದಂತೆ ಕಣ್ಣು ಮುಚ್ಚಿಕೊಳ್ಳುವುದು ನಾನು ಕಲಿತ ಸಭ್ಯತೆ. ಮುಚ್ಚಿಕೊಂಡೆ; ಆದರೆ ಹಾಗೇ ಇರಲು ಆಗಲಿಲ್ಲ. ಮಂಜಿರಿ ಬಂದು ಅವರ ಬೆನ್ನ ಮೇಲೆ ಕೈಯಿಟ್ಟು, "ಆನೇ ದೋ ಕಾಕಾ, ರೋಕೋ ಮತ್," ಎಂದಳು. ಬರಲಿ ಬಿಡಿ, ತಡೆಯಬೇಡಿ ಎಂದು ಅವಳ ಮಾತು; ಅವರು ಅಳು ತಡೆಯಲೂ ಇಲ್ಲ. ನಾನು ಕೈ ಚಾಚಿ ಅವರ ತೋಳು ಮುಟ್ಟಿದೆ. ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟರು. ನನ್ನ ಕಾಲೆರಡೂ ಜೋಮು ಹಿಡಿದವು, ಆದರೂ ಮಿಸುಕಲಿಲ್ಲ. ಯಾರೂ ಏಳಲಿಲ್ಲ. ಆಸನ ಬದಲಿಸಿ ಎಂದು ಮಂಜಿರಿಯೂ ಹೇಳಲಿಲ್ಲ.

ಆಮೇಲೆ ಕ್ಲಬ್‌ಹೌಸಿನ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಅವರೇ ಹೇಳಿದರು. "ಮಳಿಗಿಂತ ಮೊದಲ ಮಗಳ ಮದುವಿ ಮಾಡಿ ನಾಗಪುರಕ್ಕ ಕಳಿಸಿದೆ ನೋಡ್ರಿ. ಕಳಿಸೋ ಹೊತ್ತಿಗೆ ಎಲ್ಲಾರೂ ಅತ್ರು. ನಾ ಮಾತ್ರ ಬೀಗರ ಬಸ್ಸು, ಅಡಿಗಿಯವರು, ಪೆಂಡಾಲದವರು ಅಂತ ಓಡ್ಯಾಡಾಕತ್ತಿದ್ದೆ. ಅಳಾಕ ಪುರಸೊತ್ತ ಸಿಗಲಿಲ್ರಿ."

ಹೇಳಿದವರೇ ಮಗಳಿಗೆ ಫೋನು ಹಚ್ಚಿದರು. ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ.

"ಪಪ್ಪಾ, ಇತನೀ ಸುಬಹ್? ಸಬ್ ಠೀಕ್ ಹೈ ನಾ?" ಇಷ್ಟು ಬೆಳಿಗ್ಗೆಯೇ ಫೋನು ಬಂತಲ್ಲ ಎಂದು ಇಲ್ಲೇ ಹುಟ್ಟಿ ಬೆಳೆದ ಹುಡುಗಿ ಗಾಬರಿಯಿಂದ ಹಿಂದಿಯಲ್ಲಿ ಕೇಳಿದಳು.

"ಎಲ್ಲಾ ಠೀಕ್ ಐತವಾ. ಯೋಗಾ ಮಾಡಿದೆ. ನಿನ್ನ ನೆನಪಾಗಿ ಅತ್ತೆ."

ಅದನ್ನು ಕೇಳಿ ಅವಳೂ ಕನ್ನಡಕ್ಕೆ ಇಳಿದಳು. "ಈಗ ಅತ್ತಿಯೇನು? ಅವತ್ತು ನೀ ಒಂದು ಹನಿನೂ ಅಳಲಿಲ್ಲಂತ ನನಗ ಎಷ್ಟು ಸಿಟ್ಟು ಬಂದಿತ್ತು ಗೊತ್ತೈತೇನು ಪಪ್ಪಾ?"

"ತಡಾ ಆತವಾ," ಎಂದರು ಸಿದ್ದಪ್ಪನವರು, ಹಿಡಿದ ಕೆಲಸ ಮುಗಿಸಿದವರ ಗತ್ತಿನಲ್ಲಿ. "ಆದ್ರ ಪೂರಾ ಅತ್ತೀನಿ. ಬೇಕಾದ್ರ ಇಲ್ಲಿ ಸಾರ್ ಅದಾರ, ಅವರನ್ನ ಕೇಳು."

ನಾನು ಫೋನಿನ ಹತ್ತಿರ ಬಾಗಿ ಸಾಕ್ಷಿ ಹೇಳಿದೆ.