ಪ್ಯಾಸಿವ್ ವಾಯ್ಸ್‌ನಲ್ಲಿ ಒಂದು ಲೋಟ

‘ವೇರ್?’ ಎಂದು ಕೇಳಿದರು ನಮ್ಮ ಪ್ರೊಫೆಸರಮ್ಮ.

‘ಹೊಸಕೋಟೆ ತಾಲ್ಲೂಕು, ಮೇಡಂ. ಕೊಟ್ಟಿಗೆ ಗೋಡೆಯ ಗೂಡಿನಲ್ಲಿ’ ಎಂದೆ ನಾನು, ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ.

ಇಡೀ ಕ್ಲಾಸು ನಕ್ಕಿತು. ಜರ್ಮನ್ ಭಾಷೆಯಲ್ಲಿ ‘ವೇರ್’ ಅಂದರೆ ‘ಎಲ್ಲಿ’ ಅಲ್ಲವಂತೆ. ‘ಯಾರು’ ಅಂತೆ! ಯಾರು ಎಂದು ಕೇಳಿದರೆ ವಿಳಾಸ ಕೊಟ್ಟವಳು ಆ ಯೂನಿವರ್ಸಿಟಿಯಲ್ಲಿ ಬಹುಶಃ ನಾನೊಬ್ಬಳೇ.

(ಒಂದು ಸೆಮಿಸ್ಟರ್ ಪೂರ್ತಿ ಈ ಅಂಕಣದಲ್ಲಿ ಜರ್ಮನಿಯ ಗಟ್ಟಿ ಬ್ರೆಡ್ಡು, ಲೇಟಾಗುವ ರೈಲು ಅಂತೆಲ್ಲ ಬರೆದು ನಿಮ್ಮ ತಲೆ ತಿಂದಿದ್ದೇನೆ. ಅಲ್ಲಿ ಓದುತ್ತಿದ್ದದ್ದೇನು ಅಂತ ಮಾತ್ರ ಸರಿಯಾಗಿ ಹೇಳಿರಲಿಲ್ಲ. ಧೈರ್ಯ ಇರಲಿಲ್ಲ ಅನ್ನುವುದೇ ನಿಜ.)

ಹೇಳಿಬಿಡುತ್ತೇನೆ. ಇತಿಹಾಸದ ಎಂ.ಎ. ವಿದ್ಯಾರ್ಥಿನಿಯಾದ ನಾನು ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಹೋಗಿದ್ದು ಆಧುನಿಕ ಜರ್ಮನಿಯ ಇತಿಹಾಸ ಓದಲು. ನಾಜಿಗಳ ಕಾಲ, ಯುದ್ಧ, ಆಮೇಲಿನ ಮೌನ. ಸೂಲಿಬೆಲೆ ಹತ್ತಿರದ ಹಳ್ಳಿಯವಳಿಗೆ ಜರ್ಮನಿಯವರ ಚರಿತ್ರೆ ಯಾಕೆ ಬೇಕಿತ್ತು? ನಮ್ಮೂರಿನ ಅರ್ಧ ಜನ ಈ ಪ್ರಶ್ನೆ ಕೇಳಿದ್ದಾರೆ. ಇನ್ನರ್ಧ ಜನ, ಅಲ್ಲಿ ಅನ್ನ ಸಿಗುತ್ತಾ ಅಂತ ಕೇಳಿದ್ದಾರೆ.

ನಮ್ಮ ಪ್ರೊಫೆಸರಮ್ಮನಿಗೆ ಒಂದು ಹುಚ್ಚು. ಕರ್ತೃ ಇಲ್ಲದ ವಾಕ್ಯ ಕಂಡರೆ ಆಗುವುದಿಲ್ಲ. ಲೇನಾ ಅಂತ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ತನ್ನ ಮುತ್ತಜ್ಜಿ ಮನೆಯ ಬೀರುವಿನ ಬಗ್ಗೆ ಹೇಳಿದಳು. ‘ಯುದ್ಧದ ಕಾಲದಲ್ಲಿ ಅದು ನಮ್ಮ ಮನೆಗೆ ಬಂತು’ ಅಂದಳು.

‘ವೇರ್?’ ಅಂದರು ಪ್ರೊಫೆಸರಮ್ಮ. ಬೀರುವಿಗೇನು ಕಾಲಿತ್ತಾ ತಾನೇ ನಡೆದು ಬರೋಕೆ? ತಂದವರು ಯಾರು? ಯಾರ ಮನೆಯಿಂದ? (ಆ ‘ವೇರ್’ ಕೂಡ ‘ಎಲ್ಲಿಂದ’ ಅಂತಲೇ ಅಂದುಕೊಂಡಿದ್ದೆ ನಾನು.)

ಲೇನಾ ಊರಿಗೆ ಹೋಗಿ ಕೇಳಿಕೊಂಡು ಬಂದಳು. ಪಕ್ಕದ ಮನೆಯ ಯಹೂದಿ ಕುಟುಂಬವನ್ನು ಪೊಲೀಸರು ಹಿಡಿದೊಯ್ದ ಮೇಲೆ ಅವರ ಸಾಮಾನನ್ನು ಬೀದಿಯಲ್ಲೇ ಹರಾಜು ಹಾಕಿದ್ದರು. ಕೂಗಿ ಕೊಂಡವಳು ಅವಳ ಮುತ್ತಜ್ಜಿ. ಇಷ್ಟು ಹೇಳುವಾಗ ಲೇನಾಳ ಕುತ್ತಿಗೆಯೆಲ್ಲ ಕೆಂಪಾಗಿತ್ತು. ನಾನು ಅವಳ ಬೆನ್ನು ಸವರಿದೆ. ಅಯ್ಯೋ ಪಾಪ, ಎಂಥಾ ಜನರ ಮನೆಯಲ್ಲಿ ಹುಟ್ಟಿದ್ದಾಳೆ ಅಂತ ಮನಸ್ಸಿನಲ್ಲೇ ಮರುಗಿದೆ ಕೂಡ.

ಮರುವಾರ ನನ್ನ ಸರದಿ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಪೂರ್ತಿ ಮಾಡದ ಒಂದು ವಾಕ್ಯ ತನ್ನಿ ಎಂದಿದ್ದರು. ನಾನು ತಂದದ್ದು ಇದು: ‘ಕಾಲೋನಿಯವರಿಗೆ ಬೇರೆ ಲೋಟ ಇಡಲಾಗುತ್ತಿತ್ತು.’ ವೇರ್ ಅಂದರು. ಹೊಸಕೋಟೆ ತಾಲ್ಲೂಕು ಅಂದೆ. ಉಳಿದದ್ದು ನಿಮಗೆ ಗೊತ್ತು.

ನಕ್ಕು ಮುಗಿದ ಮೇಲೆ ಎಲ್ಲರೂ ಮತ್ತೆ ನನ್ನತ್ತ ನೋಡಿದರು. ಉತ್ತರ ಇನ್ನೂ ಬಾಕಿ ಇತ್ತಲ್ಲ! ಅಲ್ಲಿಯದನ್ನೂ ಇಲ್ಲಿಯದನ್ನೂ ನಾನು ತಕ್ಕಡಿಗೆ ಹಾಕಿ ತೂಗುತ್ತಿಲ್ಲ. ಅದು ಬೇರೆ, ಇದು ಬೇರೆ. ಆದರೆ ತಪ್ಪಿಸಿಕೊಳ್ಳಲು ಬಳಸುವ ವ್ಯಾಕರಣ ಮಾತ್ರ ಒಂದೇ. ಆ ಗೂಡಿನಲ್ಲಿ ಲೋಟ ಇಟ್ಟಿದ್ದವರು ನನ್ನ ತಾತ. ಕೋರ್ಸಿನ ಕೊನೆಗೆ ಇಂಗ್ಲಿಷಿನಲ್ಲಿ ಬರೆದು ಕೊಡಬೇಕಿದ್ದ ಪ್ರಬಂಧದಲ್ಲಿ ಅದನ್ನೇ ಬರೆಯಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಊರಿಗೆ ಬಂದ ಮೇಲೂ ಪ್ರಬಂಧ ಕಳಿಸಲು ಎರಡು ವಾರ ಟೈಮಿತ್ತು. ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ‘ಪ್ರಿಂಟ್ ತೆಗ್ದು ಕೊಡಮ್ಮ, ಗ್ರಾಮರ್ ನೋಡ್ತೀನಿ’ ಎಂದು ತಾವಾಗಿಯೇ ಕೇಳಿದರು. ಕೊಟ್ಟೆ. ಬೆಳಿಗ್ಗೆ ಟೇಬಲ್ ಮೇಲೆ ಹಾಳೆ ಇತ್ತು. ಸ್ಪೆಲ್ಲಿಂಗ್ ಒಂದೆರಡು ಕಡೆ. ಆಮೇಲೆ ಮೂರನೇ ಪುಟ. ‘ನನ್ನ ತಾತ ಬೇರೆ ಲೋಟ ಇಡುತ್ತಿದ್ದರು’ ಎಂಬುದರ ಮೇಲೆ ಕೆಂಪು ಗೆರೆ. ಬದಲಿಗೆ ಅವರ ದುಂಡು ಅಕ್ಷರದಲ್ಲಿ: ‘ಬೇರೆ ಲೋಟ ಇಡಲಾಗುತ್ತಿತ್ತು.’

ಮೂವತ್ತು ವರ್ಷದಿಂದ ಮಕ್ಕಳಿಗೆ ಆಕ್ಟಿವ್, ಪ್ಯಾಸಿವ್ ಕಲಿಸುತ್ತಾ ಬಂದವರು ನಮ್ಮಪ್ಪ. ನನಗೆ ಕಲಿಸಿದ್ದೂ ಅವರೇ.

‘ಯಾಕಪ್ಪ ತಿದ್ದಿದ್ದು?’

‘ಪ್ಯಾಸಿವ್ ಹಾಕಿದ್ರೆ ಅಕಾಡೆಮಿಕ್ ಆಗಿರುತ್ತೆ ಕಣಮ್ಮ.’

‘ತಾತನ ಹೆಸರು ಇರಬಾರ್ದು, ಅದಕ್ಕೆ ತಾನೇ?’

ಅಪ್ಪ ಕನ್ನಡಕ ತೆಗೆದರು. ‘ಊರಿಗೆ ಸ್ಕೂಲು ಕಟ್ಟೋಕೆ ಜಾಗ ಬಿಟ್ಕೊಟ್ಟೋರು ಅವ್ರು. ಗೇಟಿನ ಮೇಲೆ ಹೆಸರೈತೆ. ಆ ಸ್ಕೂಲಲ್ಲಿ ಕಾಲೋನಿ ಮಕ್ಕಳೂ ಓದಿದಾರೆ. ಆಗಿನ ಕಾಲ ಹಂಗಿತ್ತು. ನಿನ್ನ ಕಳ್ಸಿದ್ದು ಜರ್ಮನಿಯೋರದು ಓದೋಕೆ, ನಮ್ಮದು ಬರೆಯೋಕಲ್ಲ.’

‘ಕಾಲಕ್ಕೆ ಕೈ ಇತ್ತಾ ಅಪ್ಪ, ಲೋಟ ಇಡೋಕೆ?’

‘ಜಾಸ್ತಿ ಮಾತಾಡ್ತೀಯ’ ಎಂದು ಎದ್ದು ಹೋದರು.

ಅಪ್ಪನಿಗೆ ನೋವಾಗಿತ್ತು. ತಾತ ಶಾಲೆಗೆ ಜಾಗ ಕೊಟ್ಟದ್ದು ಸುಳ್ಳೇ? ಅಲ್ಲ. ಅದನ್ನೂ ಬರೆಯುತ್ತೇನೆ, ಆಕ್ಟಿವ್ ವಾಯ್ಸ್‌ನಲ್ಲೇ. ಜಾಗ ಕೊಡುವಾಗ ಕರ್ತೃ ಇರಬೇಕು, ಲೋಟ ಇಡುವಾಗ ಬೇಡ ಅಂದರೆ ಯಾವ ಸೀಮೆ ವ್ಯಾಕರಣ? ಕೆಂಪು ಗೆರೆಯನ್ನು ಒಪ್ಪುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಆದರೆ ಇನ್ನೊಬ್ಬರನ್ನು ಕೇಳಬೇಕಿತ್ತು. ಆ ಲೋಟದಲ್ಲಿ ಕುಡಿದವರನ್ನು.

ಪಿಳ್ಳಮ್ಮ ನಮ್ಮ ಮನೆಯ ಕೊಟ್ಟಿಗೆ ಕೆಲಸ ಮಾಡುತ್ತಿದ್ದವರು. ನನಗಿಂತ ಐವತ್ತು ವರ್ಷಕ್ಕಾದರೂ ದೊಡ್ಡವರು. ಚಿಕ್ಕಂದಿನಿಂದ ‘ಪಿಳ್ಳಮ್ಮ, ಬಾ, ಹೋಗು’ ಅಂತಲೇ ಕರೆದು ಅಭ್ಯಾಸ. ಮೊನ್ನೆ ಕಾಲೋನಿಗೆ ಹೋಗಿ ಅವರ ಬಾಗಿಲಲ್ಲಿ ನಿಂತು ‘ಅಜ್ಜಿ’ ಅನ್ನಲು ಹೊರಟರೆ ನಾಲಿಗೆ ತೊಡರಿತು. ಅವರು ಜಗುಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನು ಬಂದ ವಿಷಯ ಹೇಳಿದೆ. ತಾತನ ಹೆಸರು ಬರೆಯುತ್ತಿದ್ದೇನೆ, ಮನೆಯಲ್ಲಿ ಜಗಳ ಆಯಿತು ಅಂತಲೂ ಹೇಳಿದೆ. (ಸ್ವಲ್ಪ ಹೊಗಳಿಕೆಯ ನಿರೀಕ್ಷೆ ಇತ್ತು. ಸುಳ್ಳು ಯಾಕೆ ಹೇಳಲಿ?)

‘ಬರಿ ಕಣವ್ವ. ಲೋಟ ಇಟ್ಟಿದ್ದು ಗೌಡ್ರೇಯ’ ಎಂದರು ಪಿಳ್ಳಮ್ಮ. ‘ಆದ್ರೆ ಗೌಡ್ರು ದಿನಾ ಎಲ್ಲಿ ಬತ್ತಿದ್ರು ಕೊಟ್ಟಿಗೆ ತಾವ? ಅದಕ್ಕೆ ಕಾಫಿ ಹುಯ್ತಿದ್ದೋಳು ನೀನೇ ಅಲ್ವಾ?’

‘ನಾನಾ?’

‘ಊ ಕಣೆ. ಗಿಣಿಹಸ್ರು ಫ್ರಾಕ್ ಹಾಕ್ಕಂಡು, ಎಲ್ಡು ಕೈಯಾಗೂ ಚೊಂಬು ಎತ್ತಿ ಹಿಡ್ಕಂಡು ಬರೋಳು. ಒಂದಿನ ಚೊಂಬು ಲೋಟಕ್ಕೆ ತಾಕ್ಬುಡ್ತು. ಯಾರೋ ಗದರ್ಸಿದ್ರು, ನೀನು ಅತ್ತಿದ್ದೇ ಅತ್ತಿದ್ದು. ಆಮ್ಯಾಕೆ ಇನ್ನೂ ಎತ್ರಕ್ಕೆ ಹಿಡ್ದು ಹುಯ್ಯೋಳು. ಅರ್ಧ ಕಾಫಿ ನನ್ನ ಕೈಮ್ಯಾಲೇ. ಬಿಸಿ ಅಂದ್ರೆ ಬಿಸಿ.’

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಅತ್ತದ್ದು ನೆನಪಿಲ್ಲ, ಫ್ರಾಕ್ ಚೆನ್ನಾಗಿ ನೆನಪಿದೆ. ತಾತನನ್ನು ವಾಕ್ಯದೊಳಗೆ ಎಳೆದು ತರಲು ಅಷ್ಟು ದೂರದಿಂದ ಬಂದವಳಿಗೆ, ಅದೇ ವಾಕ್ಯದಲ್ಲಿ ನಾನೂ ನಿಂತಿದ್ದೇನೆ ಅಂತ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಲೇನಾಳ ಬೆನ್ನು ಸವರಿದ್ದಕ್ಕಂತೂ ಇನ್ನೂ ನಾಚಿಕೆಯಾಯಿತು.

‘ನಿಮ್ಮ ಹೆಸರು ಬರೀಲಾ ಅಜ್ಜಿ, ಬೇಡ್ವಾ?’ ಈ ಸಲ ನಾಲಿಗೆ ತೊಡರಲಿಲ್ಲ.

‘ಬರ್ಕ. ಪಿಳ್ಳಮ್ಮ ಅಂತ ಸರಿಯಾಗಿ ಬರಿ. ಬರೀ ಆಳು ಅಂತ ಬರೀಬ್ಯಾಡ.’

ನಾನು ಹೊರಟಾಗ ಅವರು ಇನ್ನೊಂದು ಮಾತು ಸೇರಿಸಿದರು. ‘ಈಗೆಲ್ಲಿ ಆ ಲೋಟ? ಹೋದ್ವಾರ ನನ್ನ ಸೊಸೆ ನಿಮ್ಮ ಹೂವಿನ್ ತೋಟಕ್ಕೆ ಕೆಲ್ಸಕ್ಕೆ ಬಂದಿದ್ಲು. ಪೇಪರ್ ಕಪ್ಪಲ್ಲಿ ಕೊಟ್ರಂತೆ ಕಾಫಿಯ. ವಾಸಿ ಬುಡು. ತೊಳ್ದು ಗೂಡಲ್ಲಿ ಇಕ್ಕೋ ಕೆಲ್ಸ ಇಲ್ಲ.’

ಮನೆಗೆ ಬಂದು ಬರೆದೆ. ತಾತ ಇಟ್ಟರು. ನಾನು ಹೊಯ್ದೆ. ಪಿಳ್ಳಮ್ಮನ ಕೈ ಸುಟ್ಟಿತು. ಕನ್ನಡದಲ್ಲಿ ‘ನಾನು’ ಬಿಟ್ಟರೂ ಬಚಾವಾಗಲು ಆಗುವುದಿಲ್ಲ ನೋಡಿ. ‘ಹೊಯ್ದೆ’ ಅಂದರೆ ಸಾಕು, ಸಿಕ್ಕಿಬಿದ್ದಂತೆಯೇ. ಇಂಗ್ಲಿಷಿನಲ್ಲಿ ಕೈಯಾರೆ ‘ಐ’ ಅಂತ ಬರೆಯಬೇಕು. ಬರೆದೆ.

ಕಳಿಸುವ ಮುಂಚೆ ಅಪ್ಪನಿಗೆ ಮತ್ತೆ ಹಾಳೆ ಕೊಟ್ಟೆ. ಕೆಂಪು ಪೆನ್ನು ಹಿಡಿದೇ ಓದಿದರು. ತಾತನ ವಾಕ್ಯದ ಹತ್ತಿರ ಪೆನ್ನು ಇಳಿಯಿತು. ಮುಂದಿನ ವಾಕ್ಯಕ್ಕೆ ಬಂದು ನಿಂತಿತು.

‘ನಿನ್ನ ಯಾಕೆ ಸೇರಿಸ್ಕೊಂಡೆ? ಆಗ ಆರು ವರ್ಷದ ಮಗು ಕಣಮ್ಮ ನೀನು.’

‘ಹೌದಪ್ಪ. ಎತ್ತರಕ್ಕೆ ಹಿಡಿ ಅಂತ ಆರು ವರ್ಷದ ಮಗುಗೆ ಹೇಳಿಕೊಟ್ಟೋರು ಮನೇಲಿದ್ರು.’

ಅಪ್ಪ ಪೆನ್ನಿಗೆ ಕ್ಯಾಪ್ ಹಾಕಿ ಹಾಳೆ ವಾಪಸ್ ಕೊಟ್ಟರು. ಒಪ್ಪಿಗೆ ಅಂತ ನಾನು ಹೇಳುವುದಿಲ್ಲ. ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಪ್ರಬಂಧ ಹೋಗಿದೆ, ಒಂದು ಅಕ್ಷರವೂ ಬದಲಾಗದೆ. ಮಾರ್ಕ್ಸ್ ಎಷ್ಟಾದರೂ ಬರಲಿ.

ಆಮೇಲೆ ಅಡುಗೆಮನೆಗೆ ಹೋಗಿ ನೋಡಿದೆ. ಸ್ಟೀಲ್ ಲೋಟಗಳ ಸಾಲಿನ ಪಕ್ಕದಲ್ಲೇ ಪೇಪರ್ ಕಪ್ಪಿನ ದೊಡ್ಡ ಕಟ್ಟು. ‘ಕೆಲ್ಸದೋರಿಗೆ ತಂದಿಟ್ಟಿರೋದು. ಹೈಜೀನ್ ಕಣೆ’ ಅಂದರು ಅಮ್ಮ.

ಹೈಜೀನಾದರೆ ಸರಿ. ನಿಮ್ಮ ಮನೆಯ ಪೇಪರ್ ಕಪ್ಪಿನಲ್ಲಿ ನೀವು ಯಾವತ್ತಾದರೂ ಕಾಫಿ ಕುಡಿದಿದ್ದೀರಾ?