ನಾಲ್ಕು ಇಪ್ಪತ್ತರ ಬಸ್ಸು

ನನ್ನ ತಂಗಿಯ ಮೊಮ್ಮಗಳಿಗೆ ಈ ವರ್ಷ ಸುಳ್ಯದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು, ಎಲೆಕ್ಟ್ರಿಕಲ್ ವಿಭಾಗದಲ್ಲಿ. ಕಾಲೇಜು ಶುರುವಾಗಲು ಇನ್ನೂ ಒಂದು ವಾರವಿದ್ದಾಗ, ಒಂದು ಭಾನುವಾರ ಅವಳು ತಾಯಿಯ ಜೊತೆ ಕಬಕದ ನಮ್ಮ ಮನೆಗೆ ಬಂದಳು.

"ದೊಡ್ಡಜ್ಜಿ, ನೀವು ಅಷ್ಟು ವರ್ಷ ಲ್ಯಾಬಿನಲ್ಲಿ ಇದ್ದವರಲ್ವಾ. ಎಂತಾದ್ರೂ ಬುದ್ಧಿ ಹೇಳಿ."

"ಕೇಳ್ಬೇಡ ಮಾರಾಯ್ತಿ," ಎಂದಳು ಅವಳ ತಾಯಿ. "ಮೊದಲು ನಿನ್ನ ಕೂದಲು ಕಟ್ಟಿಸ್ತಾರೆ."

ಕಟ್ಟಿಸಿದೆ. ತಿರುಗುವ ಯಂತ್ರದ ಹತ್ತಿರ ಬಿಟ್ಟ ಕೂದಲು, ಜೋತಾಡುವ ಶಾಲು, ಎದುರು ತೆರೆದ ಚಪ್ಪಲಿ ಆಗದು. ಪುತ್ತೂರಿನ ಕಾಲೇಜೊಂದರಲ್ಲಿ ಮೆಷಿನ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದಾಗ ಪ್ರತಿ ವರ್ಷ ಹೊಸ ಹುಡುಗಿಯರಿಗೆ ನಾನು ಇದನ್ನೇ ಹೇಳುತ್ತಿದ್ದೆ. ಸರಿಯಾದ ಸಮಯಕ್ಕೆ ಬನ್ನಿ, ಪ್ರಯೋಗದ ವಿವರ ಬರೆದ ರೆಕಾರ್ಡ್ ಪುಸ್ತಕ ಗುರುವಾರ ಒಂಬತ್ತೂವರೆಗೆ ಮೇಜಿನ ಮೇಲೆ ಇರಲಿ, ಕಾಟು ಹೊಡೆದ ಪುಟ ಬೇಡ. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಉಣ್ಣು ಎನ್ನುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಇಷ್ಟು ಪಾಲಿಸಿದರೆ ಯಾವ ಹುಡುಗಿಯೂ ಬೀಳುವುದಿಲ್ಲ ಎಂದು ನಂಬಿದ್ದೆ.

ಅಷ್ಟರಲ್ಲಿ ಮೊಮ್ಮಗಳು ಚೀಲದಿಂದ ಒಂದು ಹಳೆಯ ಲ್ಯಾಬ್ ರೆಕಾರ್ಡ್ ತೆಗೆದಳು. ಸೀನಿಯರ್ ಒಬ್ಬಳು ನೋಡಲು ಕೊಟ್ಟದ್ದಂತೆ.

"ಇದೆಲ್ಲ ನಾವು ಬರೆಯುದಿಲ್ಲ ದೊಡ್ಡಜ್ಜಿ. ಕಡಬದಲ್ಲಿ ಒಬ್ರು ಅಕ್ಕ ಬರೆದು ಕೊಡ್ತಾರಂತೆ. ಮೀಟರಿನ ರೀಡಿಂಗ್ ಫೋನಿನಲ್ಲಿ ಕಳಿಸಿದ್ರೆ ಸಾಕು. ಬಸ್ಸಿನ ಕಂಡಕ್ಟರ್ ಕೈಲಿ ಎರಡು ದಿನದಲ್ಲಿ ಬರ್ತದೆ."

ಪುಟ ತಿರುಗಿಸಿದೆ. ಪ್ರತಿ ಶೀರ್ಷಿಕೆಯ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆಗಳಿದ್ದವು. ಮೇಲಿನದು ತೆಳು, ಕೆಳಗಿನದು ದಪ್ಪ. ಹಾಗೆ ಗೆರೆ ಎಳೆಯಲು ಕಲಿಸುತ್ತಿದ್ದವಳು ನಾನು. ಅಕ್ಷರ ಯಾರದೆಂದು ಗುರುತಿಸಲು ಎರಡನೇ ಪುಟ ಬೇಕಾಗಲಿಲ್ಲ.

ಅದನ್ನು ಬರೆದ ಹುಡುಗಿ ನನ್ನ ಲ್ಯಾಬಿಗೆ ಬಂದು ಎಂಟು ವರ್ಷವಾಯಿತು. ಕಡಬದಿಂದ ಇನ್ನೂ ಒಳಗೆ ಅವಳ ಮನೆ. ಮೊದಲ ವಾರವೇ ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದಳು:

"ಮೇಡಂ, ನಾಲ್ಕು ಇಪ್ಪತ್ತರ ಬಸ್ಸು ತಪ್ಪಿದ್ರೆ ಕಡಬದಲ್ಲಿ ನಮ್ಮ ಕಡೆಯ ಕೊನೆಯ ಜೀಪು ಸಿಗುದಿಲ್ಲ. ತಡ ಆದ್ರೆ ಮನೆಯಲ್ಲಿ ದೊಡ್ಡ ಗಲಾಟೆ. ಒಂದು ಸಬ್ಜೆಕ್ಟ್ ಹೋದ್ರೂ ಓದು ಸಾಕು ಅಂತ ದೊಡ್ಡಪ್ಪ ಮೊದಲೇ ಹೇಳಿದ್ದಾರೆ."

ಲ್ಯಾಬ್ ಮುಗಿಯುವುದು ಐದಕ್ಕೆ. ನಾಲ್ಕು ಜನರ ತಂಡದಲ್ಲಿ ಮೂವರು ಹುಡುಗರು, ಇವಳೊಬ್ಬಳು. ನಾನು ಕೂಡಲೇ ವ್ಯವಸ್ಥೆ ಮಾಡಿದೆ. ತಂತಿ ಜೋಡಿಸುವುದು, ಯಂತ್ರ ಚಾಲೂ ಮಾಡುವುದು, ಕೊನೆಗೆ ಎಲ್ಲವನ್ನೂ ಬಿಚ್ಚಿಡುವುದು ಹುಡುಗರ ಕೆಲಸ. ಮೀಟರ್ ನೋಡಿ ಬರೆದುಕೊಂಡು ನಾಲ್ಕು ಗಂಟೆಗೆ ಹೊರಡುವುದು ಇವಳ ಕೆಲಸ. ಅದಕ್ಕೆ ಬದಲಾಗಿ ನಾಲ್ವರ ರೆಕಾರ್ಡನ್ನೂ ಇವಳೇ ಮನೆಯಲ್ಲಿ ಬರೆದು ತರಬೇಕು. ಈ ಕೊನೆಯದನ್ನು ಹುಡುಗರು ಕೇಳಿದರು, ನಾನು ಒಪ್ಪಿದೆ.

"ಇವಳ ಬರಹ ಅಚ್ಚು ಹಾಕಿದ ಹಾಗೆ ಉಂಟು ಮಾರಾಯ. ನಮ್ಮದು ನೋಡಿದ್ರೆ ಮೇಡಂಗೆ ಜ್ವರ ಬರ್ತದೆ," ಎಂದು ಒಬ್ಬ ಹೇಳಿದಾಗ ನಾನೂ ನಕ್ಕಿದ್ದೆ.

ಒಮ್ಮೆ ಅವಳು ತಂತಿಗೆ ಕೈ ಹಾಕಿದ್ದು ನೆನಪಿದೆ. ಸ್ಕ್ರೂ ಬಿಗಿಯುತ್ತಿದ್ದಳು, ನಿಧಾನವಾಗುತ್ತಿತ್ತು.

"ನೀನು ಬಿಡು, ನಿನಗೆ ಬಸ್ಸು ಉಂಟಲ್ಲ," ಎಂದು ಹುಡುಗ ಸ್ಕ್ರೂಡ್ರೈವರ್ ತೆಗೆದುಕೊಂಡ. ಅವಳು ನನ್ನ ಕಡೆ ನೋಡಿದಳು. ನಾನು ಗಡಿಯಾರ ತೋರಿಸಿದೆ.

ಸೆಮಿಸ್ಟರ್ ಪೂರ್ತಿ ಹೀಗೇ ನಡೆಯಿತು. ಹಾಜರಿ ಪುಸ್ತಕದಲ್ಲಿ ಅವಳು ಐದು ಗಂಟೆಯವರೆಗೂ ಇದ್ದಳೆಂದು ಪ್ರತಿ ವಾರ ನಾನೇ ಗುರುತು ಹಾಕಿದೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಗುರುವಾರ ಒಂಬತ್ತೂವರೆಗೆ ಆ ತಂಡದ ನಾಲ್ಕು ರೆಕಾರ್ಡ್ ಮೇಜಿನ ಮೇಲಿರುತ್ತಿದ್ದವು. ಬೇರೆ ತಂಡಗಳಿಗೆ ಅವನ್ನೇ ಮಾದರಿಯೆಂದು ತೋರಿಸುತ್ತಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ತಂಡವಿಲ್ಲ. ಚೀಟಿ ಎತ್ತಿ, ಬಂದ ಪ್ರಯೋಗವನ್ನು ಒಬ್ಬೊಬ್ಬರೇ ಮಾಡಬೇಕು. ಅವಳಿಗೆ ಡಿ.ಸಿ. ಮೋಟಾರು ಬಂತು. ಅದರಲ್ಲಿ ರಿಯೋಸ್ಟಾಟ್ ಎಂಬ ಉಪಕರಣವಿರುತ್ತದೆ. ತಂತಿ ಸುತ್ತಿದ ಉದ್ದನೆಯ ಕೊಳವೆ, ಮೇಲೆ ಜಾರುವ ಒಂದು ಹಿಡಿ. ಹಿಡಿ ಒಂದು ತುದಿಯಲ್ಲಿದ್ದರೆ ವಿದ್ಯುತ್ತಿಗೆ ತಡೆ ಕಡಿಮೆ, ಇನ್ನೊಂದು ತುದಿಯಲ್ಲಿದ್ದರೆ ಹೆಚ್ಚು. ಚಾಲೂ ಮಾಡುವಾಗ ಮೋಟಾರಿನ ಫೀಲ್ಡ್, ಅಂದರೆ ಕಾಂತದ ಸುರುಳಿಯ ಕಡೆಯ ಹಿಡಿ ಕನಿಷ್ಠ ತಡೆಯ ತುದಿಯಲ್ಲಿರಬೇಕು. ಇಲ್ಲದಿದ್ದರೆ ಮೋಟಾರು ಹಿಡಿತಕ್ಕೆ ಸಿಗದೆ ಓಡುತ್ತದೆ.

ಜೋಡಣೆಗೆ ಅವಳು ಒಂದು ಗಂಟೆ ತೆಗೆದುಕೊಂಡಳು. ಚಿತ್ರ ನೋಡಿ ಹಾಗೂ ಹೀಗೂ ಮುಗಿಸಿದಳು. ಹೊರಗಿನಿಂದ ಬಂದ ಪರೀಕ್ಷಕರು ಬಳಿ ನಿಂತರು. ಮುಖ್ಯ ಸ್ವಿಚ್ಚಿನ ಹತ್ತಿರ ನಾನು. ಹಿಡಿ ತಪ್ಪು ತುದಿಯಲ್ಲಿರುವುದು ನನಗೆ ಕಾಣುತ್ತಿತ್ತು. ಪರೀಕ್ಷೆಯಲ್ಲಿ ಬಾಯಿ ಬಿಡುವಂತಿಲ್ಲ. ಅವಳು ಸ್ಟಾರ್ಟರ್ ಎಳೆದಳು. ಮೋಟಾರು ಕೂಗುತ್ತ ಏರಿತು, ಮೇಜು ನಡುಗಿತು. ನಾನು ಸ್ವಿಚ್ ಕೆಳಗೆಳೆದೆ.

"ಫೀಲ್ಡ್ ರಿಯೋಸ್ಟಾಟ್ ಎಲ್ಲಿರಬೇಕು?" ಎಂದರು ಪರೀಕ್ಷಕರು.

"ಮಿನಿಮಮ್‌ನಲ್ಲಿ ಸರ್."

"ಮಿನಿಮಮ್ ಯಾವ ಕಡೆ, ತೋರಿಸಮ್ಮ."

ಅವಳು ಒಂದು ತುದಿ ನೋಡಿದಳು, ಇನ್ನೊಂದು ತುದಿ ನೋಡಿದಳು. ಕೈ ಎತ್ತಲಿಲ್ಲ. ಪರೀಕ್ಷಕರು ಅವಳ ರೆಕಾರ್ಡ್ ತೆರೆದರು. ಹಿಡಿ ಕನಿಷ್ಠದಲ್ಲಿರಬೇಕು ಎಂದು ಎಚ್ಚರಿಕೆಯ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಬರೆದಿತ್ತು. ಆ ಸಾಲನ್ನು ಅವಳು ನಾಲ್ಕು ಸಲ ಬರೆದಿದ್ದಳು.

"ಅಕ್ಷರ ಚಂದ ಉಂಟು," ಎಂದು ಅವರು ಪುಸ್ತಕ ಮುಚ್ಚಿದರು. ಆಮೇಲೆ ನನ್ನನ್ನು ಕೇಳಿದರು: "ಇವಳು ಸರಿಯಾಗಿ ಲ್ಯಾಬಿಗೆ ಬರ್ತಿದ್ದಳಾ?"

ನಿಜ ಹೇಳಲು ನನಗೆ ಸಿಕ್ಕಿದ ಸಮಯ ಅದೊಂದೇ. ನಾನೇ ಬೇಗ ಬಿಡುತ್ತಿದ್ದೆ, ಯಂತ್ರ ಮುಟ್ಟಲು ನಾನೇ ಬಿಡಲಿಲ್ಲ ಎನ್ನಬೇಕಿತ್ತು. ಹಾಜರಿ ಪುಸ್ತಕ ಅವರ ಮುಂದೆ ಇತ್ತು, ಅದರಲ್ಲಿ ನನ್ನ ಸಹಿ ಇತ್ತು. "ಬರ್ತಿದ್ದಳು ಸರ್, ಪೂರ್ತಿ ಹಾಜರಿ," ಎಂದೆ. ಪೂರ್ತಿ ಬಂದೂ ಕಲಿಯದವಳು ಎಂದಾಯಿತು.

ಅವಳು ಫೇಲಾದಳು. ಮರುಪರೀಕ್ಷೆಗೆ ಅವಕಾಶವಿತ್ತು. ಎರಡು ವಾರ ಬರದಿದ್ದಾಗ ಮನೆಗೆ ಫೋನ್ ಮಾಡಿದೆ. ದೊಡ್ಡಪ್ಪ ಎತ್ತಿದರು.

"ಹುಡುಗಿಗೆ ಮೆಷಿನ್ ಆಗುದಿಲ್ಲ, ಫೇಲು ಅಂತ ಕಾಲೇಜಿನವರು ನೀವೇ ಬರೆದು ಕೊಟ್ಟ ಮೇಲೆ ಇನ್ನೆಂತ ಮೇಡಂ? ಒಂದು ಸಂಬಂಧ ಬಂದದ್ದುಂಟು. ಮುಂದುವರಿಸ್ತೇವೆ."

ಅವಳಿಗೆ ಒಮ್ಮೆ ಫೋನ್ ಕೊಡಿ ಎಂದೆ. ಸ್ನಾನಕ್ಕೆ ಹೋಗಿದ್ದಾಳೆ ಎಂದರು. ನಾನು ಮತ್ತೆ ಮಾಡಲಿಲ್ಲ. ಅವಳ ತಂಡದ ಮೂವರೂ ಪಾಸಾದರು.

ಇದನ್ನೆಲ್ಲ ಮೊಮ್ಮಗಳಿಗೆ ಆ ಭಾನುವಾರವೇ ಹೇಳಿದೆ. ಈ ವರ್ಷ ಸೇರುವ ಬೇರೆ ಹುಡುಗಿಯರಿಗೂ ತಲುಪಲಿ ಎಂದು ಈಗ ಬರೆಯುತ್ತಿದ್ದೇನೆ. ನಿಮ್ಮ ಅಕ್ಷರ ಚಂದ ಎಂದು ಯಾರಾದರೂ ಪೆನ್ನು ಕೈಗೆ ಕೊಟ್ಟರೆ ಎಚ್ಚರವಿರಲಿ. ಬೇಗ ಹೊರಡು ಎಂದು ಪ್ರೀತಿಯಿಂದ ಹೇಳುವ ನನ್ನಂಥ ಮೇಡಂ ಸಿಕ್ಕಿದರೆ ಇನ್ನೂ ಎಚ್ಚರವಿರಲಿ. ಬಸ್ಸು ನಾಲ್ಕು ಇಪ್ಪತ್ತಕ್ಕೇ ಇದ್ದರೆ ಬೆಳಗಿನ ತಂಡಕ್ಕೆ ಹಾಕಿ ಎಂದು ಹಟ ಹಿಡಿಯಿರಿ. ಆ ಹುಡುಗಿಯನ್ನು ಹಾಗೆ ಹಾಕಬಹುದಿತ್ತು. ತಂಡಗಳ ಪಟ್ಟಿ ತಯಾರಾಗಿತ್ತು, ತಿದ್ದಿದರೆ ಕೊಳಕಾಗುತ್ತದೆಂದು ನಾನು ತಿದ್ದಲಿಲ್ಲ.

ಬುಧವಾರ ಮೊಮ್ಮಗಳನ್ನು ಕರೆದುಕೊಂಡು ಕಡಬಕ್ಕೆ ಹೋದೆ. ಪೇಟೆಯ ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಆ ಹುಡುಗಿ ಕುಳಿತು ಬರೆಯುತ್ತಿದ್ದಳು. ಮೇಜಿನ ಮೇಲೆ ರೆಕಾರ್ಡುಗಳ ಅಟ್ಟಿ. ನನ್ನನ್ನು ಕಂಡದ್ದೇ ತರಗತಿಯಲ್ಲಿ ಎದ್ದು ನಿಲ್ಲುವಂತೆ ನಿಂತಳು.

"ಮೇಡಂ! ಕೂತ್ಕೊಳ್ಳಿ. ಎಷ್ಟು ಸೊರಗಿದ್ದೀರಿ!"

ತಪ್ಪು ನನ್ನದಾಗಿತ್ತು ಎಂದೆ. ಪರೀಕ್ಷಕರಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ನೀವು ಹೇಳಿದ್ದು ನನಗೆ ಕೇಳಿಸಿತ್ತು ಮೇಡಂ. ಅಲ್ಲೇ ಇದ್ದೆನಲ್ಲ."

ಅವಳೇ ಮುಂದುವರಿಸಿದಳು: "ಒಂದು ಕೇಳ್ತೇನೆ, ನಗಬಾರದು. ಆ ಮಿನಿಮಮ್ ಯಾವ ಕಡೆ? ಎಡವಾ, ಬಲವಾ? ವಾರಕ್ಕೆ ಹತ್ತು ಸಲ ಬರೀತೇನೆ, ಇನ್ನೂ ಗೊತ್ತಿಲ್ಲ."

ಅವಳ ಸ್ಕೇಲನ್ನು ಮೇಜಿನ ಮೇಲೆ ಇಟ್ಟೆ. ಅದರ ಮೇಲೆ ರಬ್ಬರ್ ಇಟ್ಟು, ಇದು ಹಿಡಿ ಎಂದೆ. ಎಡ, ಬಲ ಎಂದು ನಿಗದಿಯಿಲ್ಲ. ತಂತಿಯನ್ನು ಯಾವ ತುದಿಗೆ ಕೊಟ್ಟಿದ್ದೀಯೋ ಆ ತುದಿಗೆ ಹಿಡಿ ಹತ್ತಿರವಿದ್ದರೆ ತಡೆ ಕಡಿಮೆ.

ಅವಳು ಬೆರಳಿನಿಂದ ರಬ್ಬರನ್ನು ಆ ತುದಿಯಿಂದ ಈ ತುದಿಗೆ ಜಾರಿಸಿದಳು. "ತಂತಿ ಇಲ್ಲಿಗೆ ಕೊಟ್ರೆ, ಇಲ್ಲಿ," ಎಂದಳು. ಸರಿಯಾಗಿತ್ತು. "ಇಷ್ಟೆಯಾ ಮೇಡಂ?"

"ಇಷ್ಟೆ."

ಅವಳು ಗೋಡೆಯ ಗಡಿಯಾರ ನೋಡಿದಳು. ಪುತ್ತೂರಿನ ಬಸ್ಸು ಬರುವುದರೊಳಗೆ ಎರಡು ರೆಕಾರ್ಡ್ ಕಟ್ಟಿ ಕೊಡಬೇಕಿತ್ತು. ಸ್ಕೇಲಿನ ಮೇಲಿಂದ ರಬ್ಬರ್ ತೆಗೆದು ಪಕ್ಕಕ್ಕಿಟ್ಟು, ಮುಂದಿನ ಶೀರ್ಷಿಕೆಯ ಕೆಳಗೆ ಎರಡು ಗೆರೆ ಎಳೆದಳು. ಮೇಲಿನದು ತೆಳು, ಕೆಳಗಿನದು ದಪ್ಪ.