ಸಣ್ಣಪ್ಪನ ಬೆನ್ನಿನ ಮಣ್ಣು

ನಮ್ಮ ಪಕ್ಕದ ಮನೆಯ ಸಣ್ಣಪ್ಪ ಕುಸ್ತಿಯಲ್ಲಿ ಸೋತು ಬಂದ ದಿನ ಅಂಗಳದಲ್ಲೇ ಅಂಗಿ ಬಿಚ್ಚಿ ಅಕ್ಕನಿಗೆ ಬೆನ್ನು ತೋರಿಸುತ್ತಾನೆ. ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಅಖಾಡದ ಕೆಂಪು ಮಣ್ಣು ಬೆನ್ನಿಗೆ ಎಷ್ಟು ಮೆತ್ತಿದೆ ಅನ್ನುವುದೇ ಅವನ ಅಂಕಪಟ್ಟಿ.

"ನೋಡಕ್ಕಾ, ಹೋದ್ ಸಲ ಸೊಂಟದತನಾ ಮಣ್ಣಿತ್ತು. ಈ ಸಲ ಬರೇ ಭುಜಕ್ಕ ಹತ್ತೈತಿ. ಸುಧಾರಣಿ ಐತಿಲ್ಲೋ?"

ಅಕ್ಕ ಉಡಚಮ್ಮ ಬಿಸಿನೀರು ಸುರಿಯುತ್ತ, "ಐತೆಪಾ ಐತಿ. ಮುದುಕ ಆಗೂದ್ರಾಗ ಒಂದರ ಗೆಲ್ತಿ ಬಿಡು" ಅನ್ನುತ್ತಾಳೆ.

ನಗಬೇಡಿ, ಪೂರ್ತಿ ಕೇಳಿ. ಕುಷ್ಟಗಿಯ ತೋಟಗಳಿಂದ ದಾಳಿಂಬೆ ಸಾಗಿಸುವ ಗಾಡಿ ಓಡಿಸುವ ಈ ಸಣ್ಣಪ್ಪನಿಗೆ ಎಲ್ಲ ಸೋಲೂ ಹೀಗೆಯೇ. ಯಲಬುರ್ಗಾದಲ್ಲಿ ನೋಡಲು ಹೋದ ಹುಡುಗಿ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಮರಳಿ ಊರಿನ ಹುಡುಗಿ ಚಹಾ ಕೊಟ್ಟು ಒಲ್ಲೆ ಅಂದಳು. ಹನುಮನಹಳ್ಳಿಯಲ್ಲಂತೂ ಹುಡುಗಿಯ ಅಪ್ಪನೇ ಬಂದು ಬಸ್ ಹತ್ತಿಸಿದ. "ಮಂದಿ ಹತ್ರ ಹತ್ರ ಬರಾಕತ್ಯಾರ" ಎಂದು ಸಣ್ಣಪ್ಪ ಓಣಿಗೆಲ್ಲ ಹೇಳಿಕೊಂಡು ಬಂದ.

ಅವನ ನಿಜವಾದ ಜೋಡಿ ಎಮ್ಮೆ ಚಂದ್ರಿ. ಕರುವಿದ್ದಾಗಿನಿಂದ ಸಾಕಿದ್ದಾನೆ. ಬೆಳಿಗ್ಗೆ ಅವಳ ಹಣೆಗೆ ಹಣೆ ಹಚ್ಚಿ ನೂಕುವುದೇ ಕಸರತ್ತು. ಒಂದೇ ಗುದ್ದಿಗೆ ಬೀಳುತ್ತಾನೆ. ಎದ್ದು ತಂಬಿಗೆ ತುಂಬ ಅವಳದೇ ಹಾಲು ಕುಡಿಯುತ್ತಾನೆ.

ಕಳೆದ ತಿಂಗಳು ಕುಷ್ಟಗಿಯಲ್ಲಿ ಕುಸ್ತಿ ಇಟ್ಟರು. ಉಡಚಮ್ಮ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು.

"ಕೇಳ ತಮ್ಮಾ. ಈ ಸಲ ಎರಡೂ ಭುಜಕ್ಕ ಮಣ್ಣ ಹಚ್ಕೊಂಡ್ ಬಂದಿ, ಚಂದ್ರಿನ ಸಂತಿಗೆ ಹೊಡ್ಕೊಂಡ್ ಹೋಗ್ತೀನಿ. ನಿನ್ನ ಬೆನ್ನ ತಿಕ್ಕಿ ತಿಕ್ಕಿ ನನ್ನ ಕೈ ಸವದಾವು."

ಸಣ್ಣಪ್ಪ ಮೊದಲ ಬಾರಿಗೆ ಹೆದರಿದ. ಗರಡಿಮನೆಗೆ ಓಡಿ, ಕುಸ್ತಿ ಕಲಿಸುವ ವಸ್ತಾದ ರೆಹಮಾನರ ಕಾಲು ಹಿಡಿದ.

"ಗೆಲ್ಲೂದು ನಿನ್ನ ಕೈಲಿ ಆಗಂಗಿಲ್ಲ ಬಿಡಪಾ" ಎಂದರು ಅವರು. "ಆದ್ರ ಬೀಳೂದು ನಿನಗ ಭಾಳ ಛಲೋ ಬರ್ತೈತಿ. ಬೋರಲ ಬೀಳು. ಹೊಟ್ಟಿ ಕೆಳಗಿದ್ರ ಯಾವನೂ ಚಿತ್ ಅನ್ನಂಗಿಲ್ಲ."

ಎದುರಾಳಿ ಗಂಗಾವತಿಯ ಪಂಪಾಪತಿ, ರೈಸ್ ಮಿಲ್ಲಿನಲ್ಲಿ ಭತ್ತದ ಚೀಲ ಹೊರುವವನು. ಸಣ್ಣಪ್ಪನನ್ನೂ ಚೀಲದಂತೆಯೇ ಎತ್ತಿ ಒಗೆದ. ಸಣ್ಣಪ್ಪ ಬೋರಲು ಬಿದ್ದು ಹಲ್ಲಿಯಂತೆ ನೆಲ ಕಚ್ಚಿದ. ಪಂಪಾಪತಿ ಕಾಲು ಜಗ್ಗಿದ, ಸೊಂಟ ತಿರುಚಿದ, ಮೇಲೆ ಕುಳಿತೂ ನೋಡಿದ.

"ಏ ಸಣ್ಣಪ್ಪಾ, ನೆಲಾ ಬಿಡೋ! ಅದೇನ್ ನಿನ್ನ ಹೆಸರಿಗಿಲ್ಲ!" ಎಂದು ಮಂದಿ ಕೂಗಿದರು.

ಪಂಪಾಪತಿ ಏದುಸಿರು ಬಿಡುತ್ತ, "ಏಳೋ ಮಾರಾಯಾ, ನಾ ಊರಿಗೆ ಹೋಗೂದೈತಿ" ಅಂದ.

"ಹೋಗಪಾ, ನಾ ಏನ್ ನಿನ್ನ ಹಿಡ್ಕೊಂಡೀನೇನ?"

ಹೊತ್ತು ಮುಗಿಯಿತು. ಪಂಚರು ಇಬ್ಬರ ಕೈಯನ್ನೂ ಎತ್ತಿದರು. ಸಮ!

ಮನೆಯಲ್ಲಿ ಉಡಚಮ್ಮ ಅವನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎದೆ, ಹೊಟ್ಟೆ, ಮೂಗು, ಹಲ್ಲಿನ ಸಂದಿಯಲ್ಲೂ ಮಣ್ಣು. ಬೆನ್ನು ಮಾತ್ರ ತೊಳೆದಿಟ್ಟ ತಾಟು.

ಸಣ್ಣಪ್ಪ ಕುಣಿಯುತ್ತ ದನದ ಕೊಟ್ಟಿಗೆಗೆ ಓಡಿ ಚಂದ್ರಿಯ ಹಣೆಗೆ ಹಣೆ ಹಚ್ಚಿದ. ಅವಳಿಗೇನು ಗೊತ್ತು? ದಿನದ ಕಸರತ್ತು ಅಂದುಕೊಂಡು ಗುದ್ದಿದಳು. ಅವನು ತಡೆದು ನಿಂತ. ಮತ್ತೊಮ್ಮೆ ಗುದ್ದಿದಳು. ಧಡ್ ಎಂದು ಸಗಣಿಯಲ್ಲಿ ಅಂಗಾತ ಬಿದ್ದ. ಎರಡೂ ಭುಜ!

ಬಾಗಿಲಲ್ಲಿ ಉಡಚಮ್ಮ ನಿಂತಿದ್ದಳು.

"ಅಕ್ಕಾ, ಇದು ಮಣ್ಣಲ್ಲ, ಸಗಣಿ…"

ಅವಳು ಚಂದ್ರಿಯ ಹಗ್ಗ ಬಿಚ್ಚಿ ಹೊರಗೆ ನಡೆಸಿದಳು. ಸಣ್ಣಪ್ಪನ ಮುಖ ಸುಣ್ಣದಂತಾಯಿತು. ಅಕ್ಕ ಅಂಗಳದಲ್ಲಿ ನಿಲ್ಲಿಸಿ ಎಮ್ಮೆಯ ಹಣೆಗೆ ಅರಿಶಿನ ಕುಂಕುಮ ಹಚ್ಚಿದಳು.

"ಈ ಮನ್ಯಾಗ ಗೆದ್ದಕಿ ಅಂದ್ರ ಇಕಿ ಒಬ್ಬಾಕಿ. ಇಕಿನ್ನ ಮಾರಾಕ ನನಗೇನ್ ಹುಚ್ಚ ಹಿಡದೈತೇನ?"

ಸಣ್ಣಪ್ಪ ಸಗಣಿಯಲ್ಲೇ ಮಲಗಿಕೊಂಡು ಹಲ್ಲು ಕಿರಿದ. "ಅಕ್ಕಾ, ದಿನಾ ಒಂದ ಗುದ್ದಿಗೆ ಬೀಳ್ತಿದ್ದೆ. ಇವತ್ತ ಎರಡು ಬೇಕಾತು ನೋಡು."

"ಸುಧಾರಣಿ ಐತಿ" ಎಂದಳು ಉಡಚಮ್ಮ. "ಏಳು, ನೀರು ಕಾದಾವು."